ಯುದ್ಧಕ್ಕೆ ಸಿದ್ಧ ಎನ್ನುವವರನ್ನು ಕೇಳಬೇಕಾದ ಪ್ರಶ್ನೆ

ಮಾನ್ಯ ಸಂಪಾದಕರೇ,

ದೇಶಕ್ಕಾಗಿ ಹೋರಾಡಲು ಯಾವ ದೇಶದ ಜನ ಎಷ್ಟರಮಟ್ಟಿಗೆ ಸಿದ್ಧರಿದ್ದಾರೆ ಎಂಬ ಪಟ್ಟಿಯೊಂದು, ಗಡಿಯಲ್ಲಿ ಉದ್ವಿಗ್ನತೆ ತಲೆದೋರಿದಾಗಲೆಲ್ಲ ಮೊಬೈಲುಗಳಲ್ಲಿ ಹರಿದಾಡುತ್ತದೆ. ವಿನ್-ಗ್ಯಾಲಪ್ ಇಂಟರ್‌ನ್ಯಾಷನಲ್ 64 ದೇಶಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂಕಿಗಳು ಅವು. ಅದರಲ್ಲಿ ‘ಹೋರಾಡುತ್ತೇನೆ’ ಎಂದವರು ಭಾರತದಲ್ಲಿ ಶೇ 75, ಜರ್ಮನಿಯಲ್ಲಿ ಶೇ 18, ಜಪಾನಿನಲ್ಲಿ ಶೇ 11. ಇದನ್ನು ಮುಂದಿಟ್ಟುಕೊಂಡು ನಮ್ಮವರು ಧೀರರು, ಉಳಿದವರು ಪುಕ್ಕಲರು ಎಂದು ತೀರ್ಪು ಕೊಡುವವರ ಸಂಖ್ಯೆ ಹೆಚ್ಚುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಜಪಾನಿನ ಉತ್ತರವನ್ನು ಹೇಡಿತನವೆಂದು ಓದುವುದು ಅನ್ಯಾಯ. ಚಕ್ರವರ್ತಿಯ ಹೆಸರಿನಲ್ಲಿ ಲಕ್ಷಾಂತರ ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿ, ಕೊನೆಗೆ ಹಿರೋಷಿಮಾ, ನಾಗಾಸಾಕಿಗಳನ್ನು ಕಂಡ ಜನ ಅವರು. 1947ರಲ್ಲಿ ಜಾರಿಗೆ ಬಂದ ತಮ್ಮ ಸಂವಿಧಾನದ ಒಂಬತ್ತನೇ ವಿಧಿಯಲ್ಲಿ ಯುದ್ಧವನ್ನೇ ತ್ಯಜಿಸಿದವರು. ಅದೇ ಸಮೀಕ್ಷೆಯಲ್ಲಿ ಫಿನ್ಲೆಂಡಿನ ಶೇ 74ರಷ್ಟು ಜನ ಹೋರಾಡುತ್ತೇವೆ ಎಂದಿದ್ದಾರೆ. ಅಂಕಿ ಹೆಚ್ಚುಕಡಿಮೆ ನಮ್ಮಷ್ಟೇ, ಆದರೆ ಅದರ ಹಿಂದಿರುವ ತಯಾರಿ ಬೇರೆ. 1939ರ ನವೆಂಬರಿನಲ್ಲಿ ಸೋವಿಯತ್ ಸೇನೆ ನುಗ್ಗಿ ಬಂದು, 105 ದಿನಗಳ ಕಾದಾಟದ ನಂತರ ತಮ್ಮ ನೆಲದ ಹತ್ತಿರಹತ್ತಿರ ಹತ್ತನೇ ಒಂದು ಪಾಲನ್ನು ಬಿಟ್ಟುಕೊಡಬೇಕಾಗಿ ಬಂದುದನ್ನು ಆ ದೇಶ ಮರೆತಿಲ್ಲ. ಅಲ್ಲಿನ ಗಂಡುಮಕ್ಕಳು ಇಂದಿಗೂ ಸೇನೆಯಲ್ಲಿ ಕನಿಷ್ಠ 165 ದಿನ ಅಥವಾ ಅದಕ್ಕೆ ಬದಲಾಗಿ ನಾಗರಿಕ ಸೇವೆ ಸಲ್ಲಿಸಬೇಕೆಂಬ ನಿಯಮವಿದೆ. ಸುಮಾರು 56 ಲಕ್ಷ ಜನಸಂಖ್ಯೆಯ ಆ ದೇಶ ದಾಳಿಯ ವೇಳೆ 48 ಲಕ್ಷ ಮಂದಿ ಅಡಗಿ ಕೂರಲು ಸಾಲುವಷ್ಟು ಆಶ್ರಯತಾಣಗಳನ್ನು ಕಟ್ಟಿಟ್ಟುಕೊಂಡಿದೆ. ಅಲ್ಲಿ ‘ಹೌದು’ ಎನ್ನುವವನಿಗೆ ಯುದ್ಧ ಬಂದ ದಿನ ತಾನು ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂಬುದು ಗೊತ್ತಿರುತ್ತದೆ.

ನಮ್ಮಲ್ಲಿ ‘ಹೌದು’ ಎಂದ ಬಹುಪಾಲು ಜನರಿಗೆ ಕರೆ ಬರುವುದಿಲ್ಲವೆಂಬುದು ಖಾತ್ರಿ. ಸ್ವತಂತ್ರ ಭಾರತ ಯಾರನ್ನೂ ಕಡ್ಡಾಯವಾಗಿ ಸೇನೆಗೆ ಸೇರಿಸಿಲ್ಲ, 1962ರ ಸಂಕಟದಲ್ಲಿಯೂ ಸೇರಿಸಲಿಲ್ಲ. ಆಗ ಹೆಂಗಸರು ಕೈಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು, ಮರುವರ್ಷ ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿ ಕಡ್ಡಾಯವಾಯಿತು, 1968ರಲ್ಲಿ ಅದೂ ಐಚ್ಛಿಕವಾಯಿತು. ಕಡ್ಡಾಯ ಸೇನಾ ಸೇವೆ ನಮಗೆ ಬೇಕೆಂದು ನಾನು ಹೇಳುತ್ತಿಲ್ಲ. ಸ್ವಇಚ್ಛೆಯಿಂದ ಬಂದವರ ಸೇನೆ ನಮ್ಮ ಹೆಮ್ಮೆ. ಆದರೆ ಆ ಇಚ್ಛೆಯ ಭಾರವನ್ನು ಹೊರುತ್ತಿರುವವರು ಯಾರು ಎಂಬುದನ್ನು ನೋಡಬೇಕು.

ಪ್ರೌಢಶಾಲೆಯ ಶಿಕ್ಷಕನಾಗಿ ಅಂಥ ಹುಡುಗರನ್ನು ಹತ್ತಿರದಿಂದ ಕಂಡಿದ್ದೇನೆ. ಒಂದೆರಡು ಎಕರೆ ಒಣಬೇಸಾಯದ ಮನೆಯ ಮಕ್ಕಳು ಬೆಳಕು ಹರಿಯುವ ಮೊದಲೇ ಶಾಲೆಯ ಮೈದಾನಕ್ಕೆ ಬಂದು ಬರಿಗಾಲಲ್ಲಿ ಸುತ್ತು ಹಾಕುತ್ತಿದ್ದರು. ಒಬ್ಬ ಮೊಬೈಲಿನಲ್ಲಿ ಸಮಯ ನೋಡುತ್ತ ಕೂಗಿ ಹೇಳುತ್ತಿದ್ದ. ಭರ್ತಿ ರ್‍ಯಾಲಿಯಲ್ಲಿ 1,600 ಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದವರಿಗೆ ಪೂರ್ಣ ಅಂಕ, ಹಾಗಾಗಿ ಒಂದೊಂದು ಸೆಕೆಂಡಿಗೂ ಜಗಳ. ರ್‍ಯಾಲಿಯ ಹಿಂದಿನ ರಾತ್ರಿ ಅವರು ಬುತ್ತಿ ಕಟ್ಟಿಕೊಂಡು ಹೋಗಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಲಗುತ್ತಾರೆ. ಅಗ್ನಿಪಥ ಯೋಜನೆಯಡಿ ನಾಲ್ಕು ವರ್ಷಗಳ ಬಳಿಕ ಗರಿಷ್ಠ ಶೇ 25ರಷ್ಟು ಮಂದಿ ಮಾತ್ರ ಕಾಯಂ ಆಗುತ್ತಾರೆಂದು ತಿಳಿದೂ ಹೋಗುತ್ತಾರೆ. ಅವರಲ್ಲಿ ದೇಶಪ್ರೇಮವೂ ಇದೆ, ಮನೆಗೆ ಒಂದು ಸಂಬಳ ಬರಲಿ ಎಂಬ ಆಸೆಯೂ ಇದೆ. ಎರಡನೆಯದು ಇರುವುದರಿಂದ ಮೊದಲನೆಯದು ಕಡಿಮೆಯಾಗುವುದಿಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮರಾಶಿಯಡಿ ಆರು ದಿನ ಜೀವ ಹಿಡಿದಿದ್ದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರೂ ಧಾರವಾಡ ಜಿಲ್ಲೆಯ ಬೆಟದೂರು ಎಂಬ ಹಳ್ಳಿಯವರು.

ಯುದ್ಧ ಒಂದೆರಡು ವಾರದಲ್ಲಿ ಮುಗಿಯದೇ ಹೋದರೆ ಜನರ ಉತ್ಸಾಹಕ್ಕೆ ಏನಾಗುತ್ತದೆ ಎಂಬುದನ್ನು ಉಕ್ರೇನ್ ತೋರಿಸಿದೆ. 2022ರ ಫೆಬ್ರುವರಿಯಲ್ಲಿ ಅಲ್ಲಿನ ಸೇನಾ ಭರ್ತಿ ಕಚೇರಿಗಳ ಮುಂದೆ ಜನ ತಾವಾಗಿಯೇ ಸಾಲುಗಟ್ಟಿ ನಿಂತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ, 2024ರ ಏಪ್ರಿಲ್‌ನಲ್ಲಿ, ಕಡ್ಡಾಯ ಭರ್ತಿಯ ವಯಸ್ಸನ್ನು ಸರ್ಕಾರ 27ರಿಂದ 25ಕ್ಕೆ ಇಳಿಸಬೇಕಾಯಿತು. ಆ ಜನರ ಧೈರ್ಯ ಸಣ್ಣದಲ್ಲ. ಮೊದಲು ಹೋದವರೇ ಬಿಡುವಿಲ್ಲದೆ ಹೋರಾಡುತ್ತಿದ್ದರೆ, ಅವರ ಜಾಗಕ್ಕೆ ಹೋಗಲು ತರಬೇತಾದವರು ಸಾಕಷ್ಟು ಇಲ್ಲದಿದ್ದರೆ, ಎಂಥ ಗಟ್ಟಿ ಮನಸ್ಸೂ ದಣಿಯುತ್ತದೆ.

ಆದ್ದರಿಂದ ಹೋರಾಡಲು ಸಿದ್ಧ ಎನ್ನುವ ನಮ್ಮ ಮುಕ್ಕಾಲು ಪಾಲು ಜನರನ್ನು ಕೇಳಬೇಕಾದ ಪ್ರಶ್ನೆ ಇದು: ಶಾಂತಿಯ ದಿನಗಳಲ್ಲಿ ಇದಕ್ಕಾಗಿ ನೀವು ಕೊಡುವ ಸಮಯವೆಷ್ಟು? 2025ರ ಮೇ 7ರಂದು 244 ಜಿಲ್ಲೆಗಳಿಗೆಂದು ಪೌರರಕ್ಷಣೆಯ ಅಣಕು ಕಾರ್ಯಾಚರಣೆ ಗೊತ್ತುಮಾಡಿದಾಗ ನಮ್ಮ ರಾಜ್ಯದ ಬೆಂಗಳೂರು, ಕಾರವಾರ, ರಾಯಚೂರು ಆ ಪಟ್ಟಿಯಲ್ಲಿದ್ದವು. ಸೈರನ್ ಮೊಳಗಿದರೆ ಏನು ಮಾಡಬೇಕೆಂದು ನಮ್ಮ ಊರಿನಲ್ಲಿ ಕೇಳಿದರೆ ಹೇಳಬಲ್ಲವರು ಸಿಗಲಿಲ್ಲ. ಅದೇ ವಾರ ಚಂಡೀಗಢದಲ್ಲಿ ಪೌರರಕ್ಷಣಾ ಸ್ವಯಂಸೇವಕರಾಗಲು ಸಾವಿರಾರು ಯುವಕ ಯುವತಿಯರು ತಾವಾಗಿ ಬಂದರು. ಗಾಯಗೊಂಡವರನ್ನು ಹೊರುವುದು, ಬೆಂಕಿ ನಂದಿಸುವುದು, ಕತ್ತಲಲ್ಲಿ ಓಣಿಯ ಮುದುಕರನ್ನು ಸುರಕ್ಷಿತ ಜಾಗಕ್ಕೆ ಕರೆದೊಯ್ಯುವುದು, ಇವೂ ಯುದ್ಧಕಾಲದ ಹೋರಾಟವೇ; ಇವುಗಳಿಗೆ ಎದೆಯ ಸುತ್ತಳತೆಯ ನಿಯಮವಿಲ್ಲ. ಉದ್ಯೋಗದಲ್ಲಿರುವ ಪದವೀಧರರು ಟೆರಿಟೋರಿಯಲ್ ಆರ್ಮಿಗೆ, ಅಂದರೆ ನಾಗರಿಕರು ತಮ್ಮ ಕೆಲಸದ ಜೊತೆಗೇ ಅರೆಕಾಲಿಕವಾಗಿ ಸೇವೆ ಸಲ್ಲಿಸುವ ಸೇನೆಗೆ, ಅಧಿಕಾರಿಗಳಾಗಿ ಸೇರಲು 42 ವರ್ಷದವರೆಗೆ ಅವಕಾಶವಿದೆ. ಇದು ನಗರದ ಎಷ್ಟು ಮಂದಿ ಓದಿದವರಿಗೆ ಗೊತ್ತಿದೆ?

ರಾಜ್ಯ ಸರ್ಕಾರ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ವರ್ಷಕ್ಕೊಮ್ಮೆಯಾದರೂ ಪೌರರಕ್ಷಣಾ ತರಬೇತಿ ನಡೆಸಲಿ, ಹೆಸರು ನೋಂದಾಯಿಸುವ ಸ್ಥಳವನ್ನೂ ದಿನಾಂಕವನ್ನೂ ಮುಂಚಿತವಾಗಿ ಪ್ರಕಟಿಸಲಿ. ಮುಂದೆ ಇಂಥ ಸಮೀಕ್ಷೆಯ ಶೇಕಡಾವಾರು ಅಂಕಿಗಳನ್ನು ತಾವು ಪ್ರಕಟಿಸುವಾಗ, ಅದರ ಪಕ್ಕದಲ್ಲಿಯೇ ಆಯಾ ಜಿಲ್ಲೆಯಲ್ಲಿ ನೋಂದಾಯಿಸಿಕೊಂಡ ಸ್ವಯಂಸೇವಕರ ಸಂಖ್ಯೆಯನ್ನೂ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಹಾವೇರಿ ಜಿಲ್ಲೆ