ಅಚ್ಚಾದ ಕೋಡ್ ಓಡುವಂತಿರಲಿ

ಮಾನ್ಯ ಸಂಪಾದಕರೇ,

ಪ್ರೋಗ್ರಾಮಿಂಗ್ ಕಲಿಸುವ ಅಂಕಣಗಳೂ ಕೈಪಿಡಿಗಳೂ ಕನ್ನಡದಲ್ಲಿ ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಅಲ್ಲಿನ ಕೋಡನ್ನು ಇದ್ದದ್ದು ಇದ್ದಂತೆ ನಕಲಿಸಿ ಓಡಿಸಿದರೆ ಎಷ್ಟೋ ಸಲ ಮೊದಲ ಸಾಲಿನಲ್ಲೇ ದೋಷ ಬರುತ್ತದೆ. ಬರೆದವರ ಕೋಡ್ ಸರಿಯಾಗಿಯೇ ಇರುತ್ತದೆ. ಅದು ಎಡಿಟರ್‌ನಿಂದ ವರ್ಡ್‌ಗೆ, ವರ್ಡ್‌ನಿಂದ ಪುಟವಿನ್ಯಾಸಕ್ಕೆ ಹೋಗುವ ದಾರಿಯಲ್ಲಿ ಅಕ್ಷರಗಳು ಬದಲಾಗಿರುತ್ತವೆ. ಹೊಸದಾಗಿ ಕಲಿಯುವವರಿಗೆ ಇದು ತಿಳಿಯುವುದಿಲ್ಲ. ತಪ್ಪು ತಮ್ಮದೇ ಎಂದುಕೊಂಡು ಕೈಚೆಲ್ಲುತ್ತಾರೆ.

ಹೆಚ್ಚು ಕಾಟ ಕೊಡುವುದು ಉದ್ಧರಣ ಚಿಹ್ನೆ. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಗುರುತಿಸುವುದು ಯೂನಿಕೋಡ್ ಎಂಬ ಪಟ್ಟಿಯಲ್ಲಿ ಅದಕ್ಕಿರುವ ಸಂಖ್ಯೆಯಿಂದ. ಕೀಲಿಮಣೆಯಿಂದ ಬರುವ ನೆಟ್ಟಗಿನ ಜೋಡಿ ಚಿಹ್ನೆಯ ಸಂಖ್ಯೆ 34, ಒಂಟಿಯದು 39. ಪೈಥಾನ್, ಸಿ, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಗಳು ಒಪ್ಪುವುದು ಇವನ್ನೇ. ವರ್ಡ್ ಇವನ್ನು ಬಾಗಿದ ಚಿಹ್ನೆಗಳಾಗಿ ತಿದ್ದುತ್ತದೆ. ಜೋಡಿ ಚಿಹ್ನೆಗಳ ಯೂನಿಕೋಡ್ ಸಂಖ್ಯೆ 8220 ಮತ್ತು 8221 ಆಗಿಬಿಡುತ್ತದೆ. ಓದುವವರ ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ಕಾಣದು, ಪೈಥಾನ್ ಮಾತ್ರ ಸಿಂಟ್ಯಾಕ್ಸ್ ದೋಷ ಎಂದು ಅಲ್ಲೇ ನಿಲ್ಲುತ್ತದೆ. ಕಮಾಂಡ್‌ಗಳಲ್ಲಿ ಬರುವ ಎರಡು ಹೈಫನ್‌ಗಳು ಒಂದು ಉದ್ದ ಗೀಟಾಗುವುದೂ ಹೀಗೆಯೇ. ಇವೆಲ್ಲಕ್ಕಿಂತ ಕೆಟ್ಟದ್ದು 160ನೇ ಸಂಖ್ಯೆಯ ಖಾಲಿ ಜಾಗ. ಸ್ಪೇಸ್ ಕೀಲಿ ಕೊಡುವುದು 32. ವೆಬ್ ಪುಟದಿಂದಲೋ ವರ್ಡ್‌ನಿಂದಲೋ ನಕಲಿಸಿದಾಗ 160 ನುಸುಳಿದರೆ ಪರದೆಯಲ್ಲಿ ಏನೂ ಕಾಣುವುದಿಲ್ಲ, ಕೋಡ್ ಓಡುವುದೂ ಇಲ್ಲ. ಆ ಸಾಲಿನ ಖಾಲಿ ಜಾಗಗಳನ್ನೆಲ್ಲ ಅಳಿಸಿ ಮತ್ತೆ ಕೀಲಿಯಿಂದಲೇ ಒತ್ತುವುದು ಸುಲಭದ ದಾರಿ.

ಪುಟ ವಿನ್ಯಾಸ ಮಾಡುವವರಲ್ಲಿ ವಿನಂತಿ: ವರ್ಡ್‌ನ ಆಟೋಕರೆಕ್ಟ್ ಆಯ್ಕೆಗಳಲ್ಲಿ ಸ್ಮಾರ್ಟ್ ಕೋಟ್ಸ್ ಮತ್ತು ಹೈಫನ್ ಬದಲಿಸುವ ಸಾಲುಗಳ ಗುರುತು ತೆಗೆಯಿರಿ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಟೈಪೋಗ್ರಾಫರ್ಸ್ ಕೋಟ್ಸ್ ನಿಲ್ಲಿಸಿ, ಕೋಡ್ ಇರುವ ಪ್ಯಾರಾಗಳಿಗೆ ಹೈಫನೇಷನ್ ಕೂಡ ಬೇಡ. ಸಾಲಿನ ಕೊನೆಯಲ್ಲಿ ಪದ ಒಡೆಯಲು ತಂತ್ರಾಂಶ ಹಾಕುವ ಅಡ್ಡಗೆರೆಯನ್ನು ಓದುಗರು ಕಳೆಯುವ ಚಿಹ್ನೆ ಎಂದೇ ಟೈಪ್ ಮಾಡುತ್ತಾರೆ. ಲೇಖಕರು ಕೋಡನ್ನು ಲೇಖನದೊಳಗೆ ಅಂಟಿಸದೆ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ (ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಬರೆದಿಡುವ ಕ್ರಮ) ಉಳಿಸಿದ ಪ್ರತ್ಯೇಕ ಪಠ್ಯ ಕಡತವಾಗಿ ಕಳಿಸಿದರೆ ಅರ್ಧ ತೊಂದರೆ ಅಲ್ಲೇ ನಿವಾರಣೆ. ಕರಡು ತಿದ್ದುವಾಗ, ಅಚ್ಚಿಗೆ ಸಿದ್ಧವಾದ ಪುಟದಿಂದಲೇ ನಕಲಿಸಿ ಒಮ್ಮೆ ಓಡಿಸಿ ನೋಡಬೇಕು.

ಅಗಲದ ಲೆಕ್ಕವೂ ಇದೆ. ಎ4 ಹಾಳೆಯ ಅಗಲ 210 ಮಿಲಿಮೀಟರ್. ಎರಡೂ ಬದಿ 20 ಬಿಟ್ಟರೆ ಉಳಿಯುವುದು 170. 10 ಪಾಯಿಂಟ್‌ನ ಕೊರಿಯರ್ ಫಾಂಟ್‌ನಲ್ಲಿ ಇಂಚಿಗೆ 12 ಅಕ್ಷರ ಕೂರುವುದರಿಂದ ಒಂದು ಸಾಲಿಗೆ 80 ಅಕ್ಷರ ಹಿಡಿಯುತ್ತದೆ. ಪೈಥಾನ್‌ನ ಶೈಲಿ ಸೂಚಿ ಸಾಲಿಗೆ 79 ಅಕ್ಷರ ಮೀರಬೇಡಿ ಎನ್ನುತ್ತದೆ. ಅದನ್ನು ಪಾಲಿಸಿದ ಕೋಡ್ ಹಾಳೆಯಲ್ಲಿ ಮುರಿಯದೆ ಬರುತ್ತದೆ. ಪತ್ರಿಕೆಯ ಕಾಲಂ ಇದಕ್ಕಿಂತ ಬಹಳ ಕಿರಿದು. ಆದ್ದರಿಂದ ಉದ್ದದ ಸಾಲನ್ನು ಎಲ್ಲಿ ಮುರಿಯಬೇಕೆಂಬುದನ್ನು ಲೇಖಕರೇ ತೀರ್ಮಾನಿಸಬೇಕು, ತಂತ್ರಾಂಶಕ್ಕೆ ಬಿಡಬಾರದು.

ಇನ್ನು ಔಟ್‌ಪುಟ್. ಕಪ್ಪು ಪರದೆಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ಪ್ರಿಂಟ್ ಹಾಕುವ ರೂಢಿ ವಿದ್ಯಾರ್ಥಿಗಳಲ್ಲಿದೆ. ಶಾಯಿ ಖರ್ಚು, ಓದಲೂ ಆಗದು, ನಕಲಿಸಲಂತೂ ಬರುವುದೇ ಇಲ್ಲ. ಪಠ್ಯವಾಗಿಯೇ ಪಡೆಯುವುದು ಇದಕ್ಕಿಂತ ಸುಲಭ: ಪ್ರೋಗ್ರಾಂ ಓಡಿಸುವ ಕಮಾಂಡ್‌ನ ಕೊನೆಗೆ > ಚಿಹ್ನೆ, ಅದರ ಮುಂದೆ ಕಡತದ ಹೆಸರು. ಅದೇ ಹೆಸರಿನ ಹಳೆಯ ಕಡತವಿದ್ದರೆ ಕೇಳದೆಯೇ ಅಳಿಸಿಹೋಗುತ್ತದೆ. ಉಳಿಸಿಕೊಂಡು ಮುಂದುವರಿಸಲು >> ಬಳಸಬೇಕು. ದೋಷ ಸಂದೇಶಗಳು ಬೇರೆ ಹಾದಿಯಲ್ಲಿ ಬರುವುದರಿಂದ ಕಡತಕ್ಕೆ ಹೋಗದೆ ಪರದೆಯಲ್ಲೇ ಉಳಿಯುತ್ತವೆ. ಅವೂ ಬೇಕೆಂದರೆ 2>&1 ಸೇರಿಸಿ, ಆದರೆ ಕಡತದ ಹೆಸರಿನ ನಂತರವೇ. ಮೊದಲೇ ಬರೆದರೆ ಫಲವಿಲ್ಲ.

ಕಡತಕ್ಕೆ ಹೋಗುವ ಔಟ್‌ಪುಟ್ ಬಫರ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಕೂಡಿಕೊಂಡು ಒಟ್ಟಾಗಿ ಇಳಿಯುತ್ತದೆ ಎಂಬುದೂ ಗಮನದಲ್ಲಿರಲಿ. ಪೈಥಾನ್‌ನಲ್ಲಿ ನಡುವೆ ಬಂದ ಎಚ್ಚರಿಕೆ ಸಂದೇಶ, ಅದಕ್ಕೂ ಮೊದಲು ಪ್ರಿಂಟ್ ಮಾಡಿದ ಸಾಲುಗಳಿಗಿಂತ ಮೇಲೆ ಕಾಣಿಸಿಕೊಳ್ಳಬಹುದು. ಹೈಫನ್ ಹಾಕಿ ಚಿಕ್ಕಕ್ಷರದ ಯು ಆಯ್ಕೆ (-u) ಕೊಟ್ಟರೆ ಕ್ರಮ ಸರಿಹೋಗುತ್ತದೆ. ಸಿ ಪ್ರೋಗ್ರಾಂ ನಡುವೆ ಕುಸಿದರೆ ಬಫರ್‌ನಲ್ಲಿದ್ದದ್ದು ಕಡತಕ್ಕೆ ಬರುವುದೇ ಇಲ್ಲ.

ಟರ್ಮಿನಲ್‌ನಿಂದ, ಎಂದರೆ ಕಮಾಂಡ್ ಟೈಪ್ ಮಾಡುವ ಪರದೆಯಿಂದ, ನಕಲಿಸುವಾಗ ಒಂದು ಎಚ್ಚರ. ಲಿನಕ್ಸ್‌ನಲ್ಲಿ ಕಂಟ್ರೋಲ್-ಸಿ ಒತ್ತಿದರೆ ಓಡುತ್ತಿರುವ ಪ್ರೋಗ್ರಾಂ ನಿಂತುಹೋಗುತ್ತದೆ. ಹೆಚ್ಚಿನ ಟರ್ಮಿನಲ್‌ಗಳಲ್ಲಿ ನಕಲಿಗೆ ಕಂಟ್ರೋಲ್-ಶಿಫ್ಟ್-ಸಿ, ಅಂಟಿಸಲು ಕಂಟ್ರೋಲ್-ಶಿಫ್ಟ್-ವಿ. ಪೈಥಾನ್ ತೋರಿಸುವ >>> ಗುರುತನ್ನು ಕೋಡ್‌ನೊಂದಿಗೆ ಅಚ್ಚು ಮಾಡಿದರೆ ಓದುಗರು ಅದನ್ನೂ ಸೇರಿಸಿ ಅಂಟಿಸುತ್ತಾರೆ, ದೋಷ ಬರುತ್ತದೆ. ಕೋಡ್ ಬೇರೆ, ಔಟ್‌ಪುಟ್ ಬೇರೆ ಎಂದು ಎರಡು ಚೌಕಗಳಲ್ಲಿ ಕೊಡುವುದು ಒಳ್ಳೆಯದು. ಹಳೆಯ ಪೈಥಾನ್ ಪ್ರಾಂಪ್ಟ್‌ನಲ್ಲಿ ಫಂಕ್ಷನ್ ನಡುವಿನ ಖಾಲಿ ಸಾಲೂ ಫಂಕ್ಷನ್ ಮುಗಿಯಿತೆಂಬ ಸೂಚನೆಯಾಗಿಬಿಡುತ್ತದೆ. 3.13ರ ಆವೃತ್ತಿಯಲ್ಲಿ ಎಫ್3 ಒತ್ತಿ ಅಂಟಿಸಿದರೆ ಈ ತಾಪತ್ರಯವಿಲ್ಲ.

ಕನ್ನಡದ ಔಟ್‌ಪುಟ್‌ಗೆ ತನ್ನದೇ ತೊಡಕುಗಳಿವೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ತಕರಾರಿಲ್ಲದೆ ಓಡಿದ ಪೈಥಾನ್ ಪ್ರೋಗ್ರಾಂ, ಅದೇ ಕನ್ನಡವನ್ನು > ಮೂಲಕ ಕಡತಕ್ಕೆ ಕಳಿಸಿದಾಗ ಎನ್‌ಕೋಡಿಂಗ್ ದೋಷ ಕೊಟ್ಟು ನಿಲ್ಲಬಹುದು. ಹೈಫನ್, ದೊಡ್ಡಕ್ಷರದ ಎಕ್ಸ್, ಒಂದು ಖಾಲಿ ಜಾಗ, ನಂತರ ಚಿಕ್ಕಕ್ಷರಗಳಲ್ಲಿ ಹೈಫನ್ ಇಲ್ಲದ ಯುಟಿಎಫ್8 ಎಂದು (-X utf8) ಕೊಟ್ಟು ಓಡಿಸಿದರೆ ಸರಿಯಾಗುತ್ತದೆ, ಇದು ಪೈಥಾನ್ 3.7ರಿಂದ ಲಭ್ಯ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಕೋಡ್‌ನೊಳಗೆ ಅಂಟಿಸಬೇಡಿ, ಫಾಂಟ್ ಕಳಚಿದೊಡನೆ ಅದು ಬರೀ ಗೋಜಲು. ಸಾಫ್ಟ್‌ವೇರ್ ಎಂಬ ಪದದಲ್ಲಿ ಕಣ್ಣಿಗೆ ಕಾಣದ 8204ನೇ ಸಂಖ್ಯೆಯ ಅಕ್ಷರವಿರುತ್ತದೆ. ಅದು ಇರುವ ಪದವನ್ನೂ ಇಲ್ಲದ ಪದವನ್ನೂ ಪ್ರೋಗ್ರಾಂ ಒಂದೇ ಎಂದು ಗುರುತಿಸುವುದಿಲ್ಲ.

ಕೋಷ್ಟಕವಾಗಿ ಅಚ್ಚು ಮಾಡುವವರಿಗೆ ಇನ್ನೊಂದು ಮಾತು. ಕೃಷ್ಣ ಎಂಬುದು ನಮಗೆ ಎರಡಕ್ಷರ, ಪೈಥಾನ್ ಲೆಕ್ಕದಲ್ಲಿ 5. ಆ ಲೆಕ್ಕದ ಮೇಲೆ ಖಾಲಿ ಜಾಗ ತುಂಬಿಸಿದರೆ ಕಾಲಂಗಳು ಸೊಟ್ಟಗಾಗುತ್ತವೆ. ಕನ್ನಡ ಹೆಸರುಗಳಿರುವ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಕಡತವಾಗಿ ಬರೆದು, ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಪ್ರಿಂಟ್ ತೆಗೆಯಿರಿ.

ಇಂತಿ,
ಪ್ರೋಗ್ರಾಮಿಂಗ್ ಬೋಧಕರು