ಯೂಸ್ಟನ್ ಹೆಬ್ಬಾಗಿಲಿನ ಕಲ್ಲುಗಳನ್ನು ವಾಪಸ್ ತನ್ನಿ: ಬ್ರಿಟನ್ನಿನ ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಇದನ್ನು ನಿಮಗೆ ಯಾರಾದರೂ ಓದಿ ಹೇಳುತ್ತಾರೆ ಅಂದುಕೊಂಡಿದ್ದೇನೆ. ಲಂಡನ್ನಿನಲ್ಲಿ ಕನ್ನಡಿಗರಿಗೇನೂ ಬರವಿಲ್ಲ.

ಎಚ್‌ಎಸ್‌2 ಎಂಬ ಹೊಸ ಹೈಸ್ಪೀಡ್ ರೈಲಿಗಾಗಿ ಲಂಡನ್ನಿನ ಯೂಸ್ಟನ್ ಸ್ಟೇಷನ್ನನ್ನು ಮತ್ತೆ ಅಗೆಯುತ್ತಿದ್ದೀರಲ್ಲ, ಅದರ ಬಗ್ಗೆಯೇ ಈ ಪತ್ರ. ವಿಕ್ಟೋರಿಯಾ ಪಟ್ಟಕ್ಕೆ ಬಂದು ಸರಿಯಾಗಿ ಒಂದು ತಿಂಗಳಿಗೆ, 1837ರ ಜುಲೈ 20ರಂದು, ಶುರುವಾದ ಸ್ಟೇಷನ್ ಅದು. ಆಗ ಇದ್ದದ್ದು ಎರಡೇ ಪ್ಲಾಟ್‌ಫಾರ್ಮ್. ಅಲ್ಲಿಂದ ಕ್ಯಾಮ್ಡೆನ್ ಕಡೆಗಿನ ಏರಿನಲ್ಲಿ ಮೇಲಿನಿಂದ ಹಗ್ಗ ಕಟ್ಟಿ ಬೋಗಿಗಳನ್ನು ಎಳೆಯುತ್ತಿದ್ದರು! ಅಷ್ಟು ಸಣ್ಣ ಸ್ಟೇಷನ್ನಿಗೆ ವಾಸ್ತುಶಿಲ್ಪಿ ಫಿಲಿಪ್ ಹಾರ್ಡ್‌ವಿಕ್ ಸುಮಾರು 70 ಅಡಿ ಎತ್ತರದ ಹೆಬ್ಬಾಗಿಲು ಕಟ್ಟಿದರು. ಯಾರ್ಕ್‌ಷೈರಿನ ಕಲ್ಲು, ಗ್ರೀಕ್ ಗುಡಿಯ ಹಾಗೆ ಉದ್ದುದ್ದ ಗೀರು ಕೊರೆದ ನಾಲ್ಕು ಕಂಬ, ಒಂದೊಂದರ ಬುಡವೂ ಎಂಟು ಅಡಿಗಿಂತ ಅಗಲ. ಸ್ವಲ್ಪ ಜಂಬವೇ, ಆದರೆ ಒಪ್ಪುವ ಜಂಬ. 1849ರಲ್ಲಿ ಅವರ ಮಗ ಅದರ ಹಿಂದೆ ಒಂದು ದೊಡ್ಡ ಹಾಲ್ ಕಟ್ಟಿದರು, 125 ಅಡಿ ಉದ್ದದ್ದು.

ಈಗ ಎರಡೂ ಇಲ್ಲ. ಹೆಬ್ಬಾಗಿಲನ್ನು ಕೆಡವಲು ಶುರುಮಾಡಿದ್ದು 1961ರ ಕೊನೆಯಲ್ಲಿ. ಆಗ ನಿಮ್ಮ ಕುರ್ಚಿಯಲ್ಲಿದ್ದವರು ಅರ್ನೆಸ್ಟ್ ಮಾರ್ಪಲ್ಸ್. ಬಿಚ್ಚಿ ಬೇರೆ ಕಡೆ ನಿಲ್ಲಿಸಿ ಎಂದು ಜನ ಕೇಳಿದರೆ, ಅದಕ್ಕೆ 1,90,000 ಪೌಂಡ್ ಆಗುತ್ತದೆ, ಜಾಸ್ತಿಯಾಯಿತು ಎಂಬ ಉತ್ತರ ಬಂತು. ಕೆಡವುವ ಗುತ್ತಿಗೆದಾರ ಫ್ರಾಂಕ್ ವಲೋರಿಯೇ ಕಲ್ಲುಗಳಿಗೆ ನಂಬರ್ ಹಾಕಿ ತನ್ನ ಖರ್ಚಿನಲ್ಲೇ ಇಟ್ಟುಕೊಳ್ಳುತ್ತೇನೆ ಎಂದರೂ ಯಾರೂ ಹೂಂ ಅನ್ನಲಿಲ್ಲ. ಕೆಡವುವವನಿಗೆ ಇದ್ದ ಕರುಣೆ ಸರ್ಕಾರಕ್ಕೆ ಇರಲಿಲ್ಲ, ಅಲ್ವಾ?

ಕೊನೆಗೆ ಬಹಳಷ್ಟು ಕಲ್ಲುಗಳು ಪೂರ್ವ ಲಂಡನ್ನಿನ ಪ್ರೆಸ್ಕಾಟ್ ಕಾಲುವೆಯ ತಳದ ಗುಂಡಿ ತುಂಬಲು ಹೋದವು. ಇತಿಹಾಸಕಾರ ಡ್ಯಾನ್ ಕ್ರುಕ್‌ಶಾಂಕ್ 1994ರಲ್ಲಿ ಅವನ್ನು ಹುಡುಕಿ, ಒಂದು ಕಂಬದ ತುಂಡನ್ನು ಮೇಲೆತ್ತಿಸಿದರು. 2009ರಲ್ಲಿ ಒಲಿಂಪಿಕ್ಸ್ ತಯಾರಿಗೆಂದು ಕಾಲುವೆ ಕೆಲಸ ನಡೆದಾಗ ಇನ್ನಷ್ಟು ಸಿಕ್ಕವು. ನೀರಿನಲ್ಲಿ ನಲವತ್ತೈದು ವರ್ಷಕ್ಕಿಂತ ಜಾಸ್ತಿ ಬಿದ್ದಿದ್ದರೂ ಉಳಿದಿವೆ. ಗಟ್ಟಿ ಕಲ್ಲು.

ಹಾಗಾಗಿ ದುಡ್ಡಿಲ್ಲ ಎಂದು ಸುಮ್ನೆ ತಳ್ಳಿಹಾಕಬೇಡಿ. ಎಚ್‌ಎಸ್‌2ಗೆ ನೀವು ಸುರಿದ ಹಣದ ಮುಂದೆ ಇದು ಏನೂ ಅಲ್ಲ. ಯೂಸ್ಟನ್ ರಸ್ತೆಯಲ್ಲಿ ರೈಲು ಹೋಗುವ ಊರುಗಳ ಹೆಸರು ಕೆತ್ತಿದ ಎರಡು ಪುಟ್ಟ ಕಲ್ಲಿನ ಕಟ್ಟಡಗಳು ಇನ್ನೂ ನಿಂತಿವೆ. ಅವುಗಳ ನಡುವೆ ಹೆಬ್ಬಾಗಿಲಿಗೆ ಜಾಗವಿದೆ. ಹೊಸ ಸ್ಟೇಷನ್ನಿನ ನಕ್ಷೆಗೆ ಸಹಿ ಹಾಕುವ ಮೊದಲೇ ಅದನ್ನು ಸೇರಿಸಿ. ಕಾಲುವೆಯಲ್ಲಿ ಉಳಿದ ಕಲ್ಲುಗಳನ್ನು ಎತ್ತುವ ಖರ್ಚು ಎಷ್ಟೆಂದು ಲೆಕ್ಕ ಹಾಕಿಸಿ, ಆ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ.

ಇಂತಿ,
ರೈಲು ಹುಚ್ಚಿನ ಒಬ್ಬ ಕನ್ನಡಿಗ