ಮಂಡಿನೋವು ಮತ್ತು ನೀನು ಕಳುಹಿಸಿದ ಡಬ್ಬಿ

ಪ್ರೀತಿಯ ಮಗಳೇ,

ಮಂಡಿನೋವಿಗೆ ಒಳ್ಳೆಯದೆಂದು ನೀನು ಕಳುಹಿಸಿದ ಗ್ಲುಕೋಸಮೈನ್ ಎಂಬ ಪೂರಕ ಮಾತ್ರೆಗಳ ಎರಡನೆಯ ಡಬ್ಬಿ ತಲುಪಿತು. ಇನ್ನೂ ತೆರೆದಿಲ್ಲ, ತೆರೆಯುವುದೂ ಇಲ್ಲ. ಮುನಿಸಿಕೊಳ್ಳದೆ ಮುಂದೆ ಓದು.

ಮೊದಲ ಡಬ್ಬಿ ಮುಗಿಯುವ ಹೊತ್ತಿಗೆ ನೋವು ತುಸು ಇಳಿದದ್ದು ನಿಜ. ನಿನಗೆ ಫೋನಿನಲ್ಲಿ ಹೇಳಿಕೊಂಡು ಹಿಗ್ಗಿದ್ದೂ ನಿಜ. ಆಮೇಲೆ ಯಾಕೋ ಅನುಮಾನ ಬಂದು ಓದಲು ಕುಳಿತೆ. ಮಂಡಿ ಸವೆತವಿದ್ದ 1,583 ಜನರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾಗಿದೆ. ಕೆಲವರಿಗೆ ಗ್ಲುಕೋಸಮೈನ್, ಕೆಲವರಿಗೆ ಕಾಂಡ್ರಾಯಿಟಿನ್ ಎಂಬ ಅಂಥದೇ ಇನ್ನೊಂದು ಪೂರಕ, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ನೋವಿನ ಮಾತ್ರೆ, ಉಳಿದವರಿಗೆ ಔಷಧವೇ ಇಲ್ಲದ ಹುಸಿಮಾತ್ರೆ. 24 ವಾರಗಳ ನಂತರ ನೋವು ಐದನೆಯ ಒಂದು ಪಾಲಾದರೂ ತಗ್ಗಿದವರು ಗ್ಲುಕೋಸಮೈನ್ ಗುಂಪಿನಲ್ಲಿ ನೂರಕ್ಕೆ 64. ಹುಸಿಮಾತ್ರೆ ನುಂಗಿದವರಲ್ಲಿ 60! ಹಾಗಾದರೆ ನನ್ನ ನೋವು ಇಳಿದದ್ದು ಯಾರ ಲೆಕ್ಕಕ್ಕೆ ಸೇರಬೇಕು? ಮಂಡಿನೋವು ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಜೋರಾದಾಗ ಮಾತ್ರೆಗೆ ಕೈಚಾಚುತ್ತೇವೆ, ಇಳಿದಾಗ ಕೀರ್ತಿಯೆಲ್ಲ ಮಾತ್ರೆಗೆ.

ಕೊಲ್ಯಾಜನ್ ಎಂಬ ಪ್ರೋಟೀನಿನ ಪುಡಿಯನ್ನೂ ಹುಡುಕುತ್ತಿದ್ದೆಯಂತೆ. ಅದು ಹೊಟ್ಟೆಯಲ್ಲಿ ಚೂರುಚೂರಾಗಿ ಒಡೆಯುತ್ತದೆ; ನೇರ ಮಂಡಿಗೇ ಹೋಗು ಎಂದು ಆ ಚೂರುಗಳಿಗೆ ವಿಳಾಸ ಬರೆದುಕೊಟ್ಟವರಿಲ್ಲ.

ಇನ್ನೊಂದು ಸಂಗತಿಯನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ರಕ್ತ ಹೆಪ್ಪುಗಟ್ಟದಂತೆ ನಾನು ನುಂಗುವ ವಾರ್ಫರಿನ್ ಜೊತೆ ಗ್ಲುಕೋಸಮೈನ್ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದಂತೆ. ಇದು ಔಷಧವಲ್ಲವಲ್ಲ ಎಂಬ ಧೈರ್ಯದಲ್ಲಿ ಡಾಕ್ಟರಿಗೆ ಹೇಳಿಯೇ ಇರಲಿಲ್ಲ. ಹೇಳಿದಾಗ ಚೆನ್ನಾಗಿಯೇ ಬೈಸಿಕೊಂಡೆ.

ಈಗ ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರ ಚಾಚಿ ಹಿಡಿಯುತ್ತೇನೆ. ತೊಡೆಯ ಸ್ನಾಯು ಬಲಿತರೆ ಮಂಡಿಗೆ ಆಸರೆ. ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲವಂತೆ. ಹಿಂಡಿ ಬಿಟ್ಟ ಸ್ಪಂಜಿನಂತೆ, ಕೀಲು ಆಡಿದಾಗ ಸುತ್ತಲಿನ ದ್ರವದಿಂದ ಪೋಷಣೆ ಹೀರಿಕೊಳ್ಳುತ್ತದೆಯಂತೆ. ನೋವೆಂದು ಅಲುಗಾಡದೆ ಕುಳಿತಿದ್ದೆನಲ್ಲ, ಅದೆಂಥ ಪೆದ್ದುತನ! ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ನಾನು ಎರಡು ಕಿಲೋ ಇಳಿದಿದ್ದೇನೆ, ಲೆಕ್ಕ ನೀನೇ ಹಾಕು.

ಡಬ್ಬಿಯನ್ನು ಹಿಂದಿರುಗಿಸಲು ಆಗುತ್ತದೆಯೇ ವಿಚಾರಿಸು. ರಾತ್ರಿ ಫೋನ್ ಮಾಡಿ ಮಾತ್ರೆ ನುಂಗಿದೆಯಾ ಎಂದು ಕೇಳುತ್ತಿದ್ದೆಯಲ್ಲ, ಅದನ್ನು ಮಾತ್ರ ಬಿಡಬೇಡ. ಕಾಲು ಚಾಚಿದೆಯಾ ಎಂದು ಕೇಳು. ನಿನ್ನೆ ತಪ್ಪಿಸಿದ್ದೇನೆ.

ನಿನ್ನ ಅಮ್ಮ